ಹೆಸರುಕಾಳಿನ ಉಸಿರು

ನಮ್ಮ ದಾಜಿ ಏಳು ವರ್ಷ ಉಸಿರಿನ ಬೆನ್ನು ಹತ್ತಿದ್ದರು. ತಮ್ಮ ಉಸಿರಲ್ಲ, ಹೆಸರುಕಾಳಿನದು! ನೀವು ನಗಬಹುದು. ಅವರ ಊರು ಏಕಸಂಬಿಯೇ ನಕ್ಕಿತ್ತು. ನಾನು ಮಾತ್ರ ನಗಲಿಲ್ಲ, ಕಾರಣ ಮುಂದೆ ಬರುತ್ತದೆ.

ದಾಜಿ ಎಂದರೆ ನನ್ನ ಅಕ್ಕನ ಗಂಡ. ಗಡಿಯ ಕಡೆಯವರು ಹಾಗೆ ಕರೆಯುತ್ತೇವೆ. ಎಂಬತ್ತರ ದಶಕದ ಕೊನೆಗೆ ಅವರು ಚಿಕ್ಕೋಡಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಜೊತೆಗೆ ಧಾರವಾಡದ ಗುರುಗಳೊಬ್ಬರ ಕೈಕೆಳಗೆ ಪಿಎಚ್.ಡಿ. ಪ್ರತಿ ಜೀವಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಕಣಗಳಿರುತ್ತವಂತೆ, ಆಹಾರ ಉರಿಸಿ ಶಕ್ತಿ ಕೊಡುವ ಪುಟ್ಟ ಒಲೆಗಳು. ಅವನ್ನು ಗಿಡದಿಂದ ಹೊರತೆಗೆಯಬೇಕು, ಹೊರಬಂದ ಮೇಲೂ ಅವು ಉಸಿರಾಡುತ್ತಿರಬೇಕು. ಇಷ್ಟೇ ಕೆಲಸ. ಇದಾಗದಿದ್ದರೆ ಪಿಎಚ್.ಡಿ. ಇಲ್ಲ. ಬಿಸಿ ತಾಗಿದರೆ ಸಾಯುತ್ತವೆ, ಜೋರಾಗಿ ಅರೆದರೆ ಸಾಯುತ್ತವೆ, ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತವೆ. ಬರ್ಫದ, ಅಂದರೆ ಮಂಜುಗಡ್ಡೆಯ ಮೇಲಿಟ್ಟು ಸಕ್ಕರೆ ನೀರು ಕುಡಿಸುತ್ತಿರಬೇಕು. ಹೊಸ ಅಳಿಯನಿಗೂ ನಮ್ಮ ಮನೆಯಲ್ಲಿ ಇಷ್ಟು ಉಪಚಾರ ನಡೆದಿರಲಿಲ್ಲ. ಆ ಅಳಿಯ ದಾಜಿಯೇ ಆದ್ದರಿಂದ ಈ ಮಾತನ್ನು ಅವರೂ ಒಪ್ಪುತ್ತಿದ್ದರು.

ಪುಸ್ತಕಗಳು ಬಟಾಟಿಯಿಂದ ತೆಗೆಯಿರಿ ಎನ್ನುತ್ತಿದ್ದವು. ದಾಜಿಯ ಅವ್ವ ಕಟ್ಟಾ ಜೈನರು, ನೆಲದೊಳಗಿನ ಗಡ್ಡೆಯನ್ನು ಮಗ ಮುಟ್ಟುವುದೂ ಅವರಿಗೆ ಸೇರದು. ದಾಜಿ ಬಟಾಟಿ ಬಿಟ್ಟು ನಿಪ್ಪಾಣಿಯ ತಂಬಾಕಿನ ಹಸಿ ಎಲೆ ಹಿಡಿದರು. ಅರೆದ ರಸ ನೋಡನೋಡುತ್ತ ಕಂದಾಗಿ ಬಸ್‌ಸ್ಟ್ಯಾಂಡಿನ ಮೂಲೆಗಳ ಬಣ್ಣಕ್ಕೆ ತಿರುಗಿತು. ಕಣಗಳೆಲ್ಲ ಸತ್ತಿದ್ದವು.

"ತಂಬಾಕ ತಿಂದವ್ರ ಯಾರ ಉಳದಾರ, ಅವು ಉಳಿಯಾಕ?" ಎಂದರು ಅವ್ವ.

ಕೊನೆಗೆ ಒದ್ದೆ ಬಟ್ಟೆಯಲ್ಲಿ, ಕತ್ತಲಲ್ಲಿ ಮೊಳೆತ ಹೆಸರುಕಾಳಿಗೆ ಅವರ ಒಪ್ಪಿಗೆ ಸಿಕ್ಕಿತು. ಅದೂ ಸುಲಭಕ್ಕಲ್ಲ.

"ಮೊಳಕಿಗೂ ಜೀವ ಇರತೈತಿ. ಅದನ್ನ ಯಾಕ ಅರೀತಿಯೋ?"

"ಕೊಲ್ಲಾಕ ಅಲ್ಲವ್ವ. ಒಳಗಿನ ಜೀವ ಜೀವಂತ ತಗೀಬೇಕಂತ."

ಹಾಗಾದರೆ ಮೆಲ್ಲಗೆ ಅರೆ ಎಂದರು ಅವ್ವ. ಏಳು ವರ್ಷದಲ್ಲಿ ಧಾರವಾಡದಿಂದ ಬಂದ ಸಲಹೆಯೂ ಇಷ್ಟೇ ಆಗಿತ್ತು!

ಅರೆದು ಸೋಸಿದ ರಸವನ್ನು ಭಾರೀ ವೇಗದಲ್ಲಿ ತಿರುಗಿಸಿದರೆ ಕಣಗಳು ತಳಕ್ಕೆ ಕೂರುತ್ತವೆ. ಅಂಥ ಯಂತ್ರ ಕಾಲೇಜಿನಲ್ಲಿ ಎಲ್ಲಿಂದ ಬರಬೇಕು? ದಾಜಿಯ ಕಣ್ಣು ಮನೆಯ ಅಟ್ಟದ ಮೇಲೆ ಬಿದ್ದಿತು. ಹಾಲಿನಿಂದ ಕೆನೆ ಬೇರ್ಪಡಿಸುವ ಅವ್ವನ ಹಳೆಯ ಕೈಯಂತ್ರ ಅಲ್ಲಿತ್ತು. ನಿಪ್ಪಾಣಿಯ ಲೇಥ್ ಮೇಸ್ತ್ರಿಯೊಬ್ಬರಿಂದ ಅದರೊಳಗೆ ಗಾಜಿನ ನಳಿಕೆ ಕೂರಿಸುವ ಗೂಡು ಮಾಡಿಸಿದರು. ಮೊದಲ ಸಲ ತಿರುಗಿಸಿದಾಗ ಒಂದು ನಳಿಕೆ ಕಿತ್ತುಬಂದು, ನನ್ನ ಎಡಗಿವಿಯಿಂದ ನಾಲ್ಕು ಬೆರಳು ದೂರದಲ್ಲಿ ಹಾದು, ಗೋಡೆ ಗಡಿಯಾರದ ಗಾಜು ಒಡೆಯಿತು. ಮೂರು ಬೆರಳೋ ನಾಲ್ಕೋ? ನಾಲ್ಕೇ. ಆಮೇಲೆ ಅಳೆದಿದ್ದೇನೆ. ನಾನು ನಗದಿದ್ದ ಕಾರಣ ಇದು. ದಾಜಿ ಓಡಿ ಬಂದು, ನಳಿಕೆ ಯಾವ ದಿಕ್ಕಿನಿಂದ ಬಂತು ಎಂದು ಕೇಳಿದರು. ನನಗೇನಾಯಿತು ಎಂದಲ್ಲ! ನಾನೂ ಕರಾರುವಾಕ್ಕಾಗಿ ಹೇಳಿದೆನಂತೆ. ಅಂದಿನಿಂದ ಪ್ರಯೋಗದ ವಹಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಯಂತ್ರದ ಹಿಡಿಕೆಯಲ್ಲಿ ಒಂದು ಗಂಟೆಯಿತ್ತು. ವೇಗ ಸಾಲದಿದ್ದರೆ ಸುತ್ತಿಗೊಮ್ಮೆ ಟಣ್ ಎನ್ನುತ್ತದೆ, ಸರಿಯಾದ ವೇಗ ಬಂದರೆ ಬಾಯಿ ಮುಚ್ಚುತ್ತದೆ. ಇಪ್ಪತ್ತು ನಿಮಿಷ ಅದರ ಬಾಯಿ ಮುಚ್ಚಿಸಬೇಕು. ಕಾಲೇಜಿನ ಕಬಡ್ಡಿ ಆಟಗಾರರು ಐದು ನಿಮಿಷಕ್ಕೆ ಸೋತರು. ದೈಹಿಕ ಶಿಕ್ಷಕರು ಏಳು ನಿಮಿಷ ತಿರುಗಿಸಿ, ಎರಡು ದಿನ ರಜೆ ಹಾಕಿದರು.

ಅಷ್ಟರಲ್ಲಿ ಧಾರವಾಡದಿಂದ ಪತ್ರ ಬಂತು. ನೋಂದಣಿಯ ಅವಧಿ ಆ ತಿಂಗಳಿಗೆ ಮುಗಿಯುತ್ತದೆ, ಶನಿವಾರ ಬೆಳಿಗ್ಗೆ ಗುರುಗಳೇ ಕಾಲೇಜಿಗೆ ಬಂದು ನೋಡುತ್ತಾರೆ. ಉಸಿರು ಕಂಡರೆ ಸರಿ. ಕಾಣದಿದ್ದರೆ ಏಳು ವರ್ಷ ಮಣ್ಣುಪಾಲು.

ಶನಿವಾರ ಮೊದಲ ಬಸ್ಸಿಗೆ ನಿಪ್ಪಾಣಿಯಿಂದ ಕಟ್ಟಿಗೆಹೊಟ್ಟಿನಲ್ಲಿ ಸುತ್ತಿದ ಬರ್ಫ ಬಂತು. ಏಕಸಂಬಿಯಿಂದ ಮೊಳಕೆಯ ಬುಟ್ಟಿ ಹೊತ್ತು ಅವ್ವ ಬಂದರು. ಗುರುಗಳೂ ಬಂದರು. ಕಬಡ್ಡಿಯವರು ಪಾಳಿಯ ಮೇಲೆ ತಿರುಗಿಸಿದರೂ ಕೈ ಬದಲಾದಾಗಲೆಲ್ಲ ಗಂಟೆ ಟಣ್ ಎಂದಿತು. ದಾಜಿ ಮುಖ ಗೋಡೆಗೆ ತಿರುಗಿಸಿಕೊಂಡರು. ಆಗ ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದರು.

"ಅತ್ಲಾಗ ಸರೀರಪಾ. ಬೀಸುಕಲ್ಲ ಹಿಡದ ಕೈ ಇದು."

ಅವಸರವಿಲ್ಲದೆ ಸುರುಮಾಡಿದರು. ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ ಏರಿಸಿದರು. ಗಂಟೆ ಸುಮ್ಮನಾಯಿತು. ಇಪ್ಪತ್ತು ನಿಮಿಷವೂ ಸುಮ್ಮನಿತ್ತು, ವಹಿಯಲ್ಲಿದೆ ನೋಡಿ. ದೈಹಿಕ ಶಿಕ್ಷಕರು ಮೆಲ್ಲಗೆ ಹೊರಗೆ ಹೋದದ್ದೂ ಇದೆ.

ನಳಿಕೆಯ ತಳದಲ್ಲಿ ಜೋಳದ ಕಾಳಿನಷ್ಟು ಕೆನೆಬಣ್ಣದ ಗಷ್ಟು ಕೂತಿತ್ತು. ದಾಜಿ ಅದನ್ನು ಸಕ್ಕರೆ ನೀರಿನಲ್ಲಿ ಕದಡಿ, ಕಣಗಳಿಗೆ ಬೇಕಾದ ಆಹಾರ ಬೆರೆಸಿ, ಸೀಸೆಯಲ್ಲಿ ಹಾಕಿ ಬಿರಡೆ ಬಿಗಿದರು. ಬಿರಡೆಯಿಂದ ಕೂದಲೆಳೆಯಂಥ ಗಾಜಿನ ಕೊಳವೆ ಹೊರಟಿತ್ತು, ಅದರಲ್ಲಿ ಒಂದು ಕೆಂಪು ಹನಿ. ಒಳಗಿನವು ಗಾಳಿ ಎಳೆದರೆ ಹನಿ ಒಳಕ್ಕೆ ಸರಿಯಬೇಕು. ಹೋಲಿಕೆಗೆಂದು ಪಕ್ಕದಲ್ಲಿ ಕಣಗಳಿಲ್ಲದ ಇನ್ನೊಂದು ಸೀಸೆ.

ಹತ್ತು ಗಂಟೆ ನಾಲ್ಕು ನಿಮಿಷ: ಹನಿ ನಿಂತಿದೆ. ಆರು ನಿಮಿಷ: ನಿಂತಿದೆ. ಒಂಬತ್ತು: ಅರ್ಧ ಗೆರೆ ಒಳಕ್ಕೆ. ಹನ್ನೆರಡು: ಎರಡು ಗೆರೆ! ಪಕ್ಕದ ಹನಿ ಅಲುಗಿಲ್ಲ. ಗುರುಗಳು ಕನ್ನಡಕ ಒರೆಸಿ ಮತ್ತೆ ಬಗ್ಗಿದರು.

"ಉಸಿರಾಡಾಕತ್ತಾವಲ್ರೀ ಇವು," ಎಂದರು. "ಅದೂ ಕೆನಿ ತಗಿಯೂ ಮಿಷಿನ್‌ದಾಗ!"

ವಹಿಗೆ ಸಹಿ ಬಿತ್ತು. ದಾಜಿಯನ್ನು ಕಬಡ್ಡಿಯವರು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಯಾರೋ ಗುಲಾಲು ತಂದರು, ಯಾರೋ ಪೇಢೆ. ಪ್ರಾಚಾರ್ಯರು ಭಾಷಣವನ್ನೇ ಮಾಡಿಬಿಟ್ಟರು. ಬಟಾಟಿಯ ಹಂಗಿಲ್ಲದೆ ಚಿಕ್ಕೋಡಿ ಗೆದ್ದಿತ್ತು!

ಗುಲಾಲು ಬಳಿದುಕೊಂಡೇ ದಾಜಿ ಒಳಗೆ ಬಂದಾಗ ಅವ್ವ ಸೀಸೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತಿದ್ದರು.

"ಇನ್ನ ಎಷ್ಟೊತ್ತ ಇರತಾವೋ ಇವು?"

ದಾಜಿಯ ನಗು ಇಳಿಯಿತು. "ಭಾಳಂದ್ರ ಸಂಜೀಮುಂದಿನ ತನಕವ್ವ. ಹೊರಗ ಬಂದ ಮ್ಯಾಲ ಉಳಿಯೂದಿಲ್ಲ."

ಅವ್ವ ಏಳಲಿಲ್ಲ. ಗುರುಗಳು, ಪ್ರಾಚಾರ್ಯರು ಊಟಕ್ಕೆ ಹೋದರು. ದಾಜಿ ಬರುವುದಿಲ್ಲ ಎಂದು ಹೇಳಿ ಕಳಿಸಿ, ಇನ್ನೊಂದು ಸ್ಟೂಲು ತಂದು ಪಕ್ಕದಲ್ಲಿ ಕೂತರು. ನಾನು ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತ ಹೋದೆ. ಎರಡು ಗಂಟೆಗೆ ಹನಿ ನಿಧಾನವಾಯಿತು. ಮೂರೂವರೆಗೆ, ಸರಿಯಿತೋ ಇಲ್ಲವೋ ತಿಳಿಯದಷ್ಟು ನಿಧಾನ. ಆಗ ಅವ್ವ, ನಮ್ಮ ಜೈನರ ಮನೆಗಳಲ್ಲಿ ಕೊನೆಯುಸಿರಿನವರ ಕಿವಿಯಲ್ಲಿ ಹೇಳುವ ಣಮೋಕಾರ ಮಂತ್ರವನ್ನು ಆ ಸೀಸೆಯ ಹತ್ತಿರ ಬಗ್ಗಿ ಹೇಳತೊಡಗಿದರು. ಬಸದಿಯ ಕಡೆ ಹೋಗುವುದನ್ನೇ ಬಿಟ್ಟಿದ್ದ ದಾಜಿ ಎರಡನೆಯ ಸಾಲಿನಿಂದ ದನಿಗೂಡಿಸಿದರು.

ನಾಲ್ಕು ಗಂಟೆ ಹತ್ತು ನಿಮಿಷ: ಹನಿ ನಿಂತಿತು.

ಮುಂದಿನ ವರ್ಷ ಮೌಖಿಕ ಪರೀಕ್ಷೆಗೆ ನಾನೂ ಧಾರವಾಡಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕದ ಮೇಲೆ ಬೆರಳಿಟ್ಟು, ಅರ್ಧ ತಾಸಿನ ಅಳತೆ ಸಾಕಾಗಿರುವಾಗ ಆರು ತಾಸು ಏಕೆ ನೋಡಿದಿರಿ ಎಂದು ಕೇಳಿದರು. ಅದುವರೆಗೆ ಪಟಪಟನೆ ಉತ್ತರ ಕೊಡುತ್ತಿದ್ದ ದಾಜಿ ಕೋಷ್ಟಕದಿಂದ ಕಣ್ಣೆತ್ತಿದರು.

"ನಮ್ಮವ್ವ ಎದ್ದಿರಲಿಲ್ರೀ," ಎಂದರು.