ನಾಲ್ಕಡಿ ದಾರ

ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿರುವ ನನಗೆ ಬಂಧುವರ್ಗದಲ್ಲಿ ಕವಡೆ ಕಿಮ್ಮತ್ತಿಲ್ಲ. ಅದರಲ್ಲೂ ನನ್ನ ಷಡ್ಡಕರು (ನನ್ನವಳ ಅಕ್ಕನ ಗಂಡ, ಎಂಜಿನಿಯರು, ಅದನ್ನು ಮರೆಯಲು ಯಾರಿಗೂ ಬಿಡುವುದಿಲ್ಲ) "ಮೇಷ್ಟ್ರ ಲೆಕ್ಕ ಕಪ್ಪು ಹಲಗೆ ದಾಟಿ ಬರಲ್ಲ ಬಿಡಿ" ಎಂದು ನಕ್ಕಿದ್ದು ನನ್ನ ಎದೆಗೆ ನಾಟಿತ್ತು. ಅವರು ಭಾನುವಾರ ಸಂಸಾರಸಮೇತ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ನನ್ನದೇ ಲೆಕ್ಕದಲ್ಲಿ ಒಂದು ದುಂಡು ಮೇಜು ಮಾಡಿಸಿ ಆ ಬಾಯಿ ಮುಚ್ಚಿಸಬೇಕೆಂದು ಪಣ ತೊಟ್ಟೆ.

"ಅಂಗಡೀಲಿ ರೆಡಿ ಸಿಗುತ್ತಲ್ರೀ," ಎಂದಳು ನನ್ನವಳು.

"ಅಂಗಡಿಯವನಿಗೆ ಪರಿಧಿ ಗೊತ್ತೇನೇ? ಆರು ಜನ, ತಲಾ ಎರಡಡಿ. ಪರಿಧಿ ಹನ್ನೆರಡು. ಅದನ್ನ ಮೂರೂ ಚಿಲ್ಲರೆಯಿಂದ ಭಾಗಿಸು. ವ್ಯಾಸ ಹೆಚ್ಚುಕಮ್ಮಿ ನಾಲ್ಕಡಿ!"

"ಅದೇನು ಚಿಲ್ಲರೆ?"

"ಪೈ ಕಣೇ! ಅದಕ್ಕೆ ಕೊನೆ ಅನ್ನೋದೇ ಇಲ್ಲ."

"ಗೊತ್ತಾಯ್ತು ಬಿಡಿ, ನಿಮ್ಮ ಮಾತಿನ ಹಾಗೆ," ಎಂದು ಒಳಗೆ ಹೋದಳು.

ಮೇಜು ಬಾಗಿಲಲ್ಲಿ ತೂರದೇ ಹೋದೀತೆಂದು ಶುಕ್ರವಾರ ಬಡಗಿಯನ್ನು ನಡುಮನೆಯಲ್ಲೇ ಕೆಲಸಕ್ಕೆ ಹಚ್ಚಿ ಶಾಲೆಗೆ ಹೋದೆ. ಅಂದು ವೃತ್ತದ್ದೇ ಪಾಠ. "ವ್ಯಾಸ ಬೇರೆ, ತ್ರಿಜ್ಯ ಬೇರೆ! ತ್ರಿಜ್ಯ ಅಂದ್ರೆ ವ್ಯಾಸದಲ್ಲಿ ಅರ್ಧ, ಎಷ್ಟು ಸಲ ಬಡ್ಕೊಳ್ಳಲಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಬಡಗಿಯ ಫೋನ್ ಬಂತು.

"ಸಾರ್, ನಡುವೆ ಮೊಳೆ ಹೊಡ್ದಿದೀನಿ. ಗೆರೆ ಎಳಿಯೋಕೆ ದಾರ ಎಷ್ಟುದ್ದ ಕಟ್ಲಿ?"

"ನಾಲ್ಕಡಿ."

"ನಾಲ್ಕಾ? ಬಾಳ ದೊಡ್ಡದಾಗಲ್ವಾ ಸಾರ್?"

"ಲೆಕ್ಕ ನಂದು, ಗರಗಸ ನಿಮ್ದು. ಕೊಯ್ರಿ!" ಎಂದು ಫೋನ್ ಕುಕ್ಕಿದೆ.

ಸಂಜೆ ಬಂದು ನೋಡಿದರೆ ನಡುಮನೆಯೇ ಕಾಣಲಿಲ್ಲ. ಬರೀ ಮೇಜು ಕಾಣಿಸಿತು. ಮೊಳೆಯಿಂದ ಅಂಚಿನವರೆಗೆ ಹಿಡಿಯುವ ದಾರ ತ್ರಿಜ್ಯ. ನಾನು ಹೇಳಿದ್ದು ವ್ಯಾಸ. ಎಂಟಡಿ ಅಗಲದ ಆ ಮಹಾಮಂಡಲಕ್ಕೆ ನಾಲ್ಕರಷ್ಟು ಹಲಗೆ ಹಿಡಿದಿತ್ತು. (ತ್ರಿಜ್ಯ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿ, ಇದನ್ನೂ ನಾನೇ ಹೇಳಿಕೊಡುತ್ತೇನೆ.) ನನ್ನವಳು ಅಡುಗೆಮನೆ ಬಾಗಿಲಲ್ಲೇ ನಿಂತು ಕಾಫಿ ಲೋಟವನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದಳು. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಷಡ್ಡಕರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಇದ್ಯಾರ ಲೆಕ್ಕ ಸ್ವಾಮಿ?"

ಮಾನ ಮೂರುಕಾಸಿಗೆ ಹರಾಜಾಗುವ ಹೊತ್ತು! "ಇವಳದ್ದೇ!" ಎಂದುಬಿಟ್ಟೆ. "ಬೇಡ ಬೇಡ ಅಂತ ಬಡ್ಕೊಂಡೆ, ಕೇಳಬೇಕಲ್ಲ!"

ಷಡ್ಡಕರು ಮೇಜಿನ ಅಂಚಿನ ಮೇಲೆ ಕೈಯಾಡಿಸಿದರು. "ಪರಿಧಿ ಇಪ್ಪತ್ತೈದಡಿ. ಹನ್ನೆರಡು ಜನ ಆರಾಮಾಗಿ ಕೂರಬಹುದು! ಇಡೀ ಬಳಗ ಒಟ್ಟಿಗೆ ಕೂರಲಿ ಅಂತ ಯೋಚನೆ ಮಾಡಿದೀಯಲ್ಲಮ್ಮ, ಇದಪ್ಪಾ ಲೆಕ್ಕ ಅಂದ್ರೆ! ಮೇಷ್ಟ್ರೇ, ಇವಳ ಹತ್ರ ಸ್ವಲ್ಪ ಕಲೀರಿ."

ನಾನು ಇಂಗು ತಿಂದ ಮಂಗನಂತಾದೆ. ನನ್ನವಳು ನನ್ನನ್ನೇ ನೋಡುತ್ತ, "ಹೇಳಿಕೊಡ್ತೀನಿ ಭಾವ, ನಿಧಾನಕ್ಕೆ. ಇನ್ಮೇಲೆ ಪ್ರತಿ ಭಾನುವಾರ ನಿಮ್ಮ ಅಣ್ಣ-ತಮ್ಮಂದಿರನ್ನೂ ಕರ್ಕೊಂಡು ಇಲ್ಲಿಗೇ ಬನ್ನಿ," ಎಂದಳು.

ಬರುತ್ತಿದ್ದಾರೆ. ಹನ್ನೆರಡು ಕುರ್ಚಿ ಹಾಕಿದ ಮೇಲೆ ಗೋಡೆಗೂ ಕುರ್ಚಿಗೂ ನಡುವೆ ಬೆಕ್ಕು ನುಸುಳಲೂ ಜಾಗವಿಲ್ಲ. ಆದ್ದರಿಂದ ಪ್ರತಿ ಭಾನುವಾರ ಬಡಿಸುವವನು ಮೇಜಿನ ಕೆಳಗೆ ತೆವಳಿಕೊಂಡು ಹೋಗಿ ಆಚೆ ಬದಿಯವರಿಗೆ ತಟ್ಟೆ ದಾಟಿಸಬೇಕು. ಕಳೆದ ವಾರ ಷಡ್ಡಕರು ಬಗ್ಗಿ ನೋಡಿ, "ಮೇಷ್ಟ್ರೇ, ಸ್ವಲ್ಪ ಉಪ್ಪು," ಎಂದರು.