ಬಚ್ಚಲುಮನೆ ಬಾಗಿಲಿನ ಅಧ್ಯಕ್ಷರು

ಗಂಗಲಕ್ಷ್ಮಮ್ಮ: ಅದೆಲ್ಲಾ ನಂಗೆ ಗೊತ್ತಿಲ್ಲ. ಬಚ್ಚಲುಮನೆ ಬಾಗ್ಲು ಸಾಯಂಕಾಲದೊಳಗೆ ಬಚ್ಚಲುಮನೇಲಿ ಇರ್ಬೇಕು.

ಚಿಕ್ಕಮುನಿಯಪ್ಪ: ಅದು ಈಗ ಬಾಗ್ಲಲ್ಲ ಕಣೇ, ಸ್ಕೂಲಿನ ಕಪ್ಪು ಹಲಗೆ. ವಿದ್ಯೆಗೆ ಅಂತ ದಾನ ಕೊಟ್ಟಿದ್ದನ್ನ ವಾಪಸ್ ಕೇಳೋಕಾಗುತ್ತಾ?

ಗಂಗಲಕ್ಷ್ಮಮ್ಮ: ದಾನ ಕೊಟ್ಟೋರು ನೀವು, ನೀರು ಹುಯ್ಕೊಳ್ಳೋಳು ನಾನು. ಗೋಣಿತಟ್ಟು ಕಟ್ಟಿದ್ದೀರಲ್ಲ, ಗಾಳಿ ಬೀಸಿದ್ರೆ ಅದು ನನ್ನ ಮರ್ಯಾದೆ ಕಾಯುತ್ತಾ?

ಚಿಕ್ಕಮುನಿಯಪ್ಪ: ಗಾಳಿ ಇಲ್ದಾಗ ಹುಯ್ಕೋ.

ನಾನು ಪಕ್ಕದ ಮನೆ ನಾರಾಯಣಪ್ಪ. ಬಿನ್ನಿಪೇಟೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ, ಮಾರೇನಹಳ್ಳಿವರೆಗೂ ಸೈಕಲ್ ತುಳಿದು ಬಂದು ಆಗ ತಾನೇ ಚಾಪೆ ಹಾಸಿದ್ದೆ. ನಮಗೂ ಅವರಿಗೂ ನಡುವೆ ಇರೋದು ಬೀದಿಯಿಂದ ಹಿತ್ತಿಲವರೆಗೂ ಎದೆಮಟ್ಟದ ಒಂದು ಗೋಡೆ. ಕಿವಿ ಮುಚ್ಚಿಕೊಂಡು ಮಲಗೋಕೆ ನನಗೇನು ಬರಲ್ವಾ? ಆದರೆ ಈ ಮನುಷ್ಯನ ಮಾತು ಕೇಳಿ ಮೈಯೆಲ್ಲ ಉರಿದುಹೋಯ್ತು. ಹೇಗೂ ನಿದ್ದೆ ಕೆಟ್ಟಿತು ಅಂತ ಎದ್ದು ಬಂದು ಗೋಡೆಗೆ ಒರಗಿಕೊಂಡೆ.

ಇವನಿಗೆ ಸ್ಕೂಲಿನ ಹುಚ್ಚು ಹಿಡಿದದ್ದು ಮೆಲ್ಲಗೆ. ಮೊದಲು ಸುಮ್ಮನೆ ಕಿಟಕಿಯಲ್ಲಿ ಇಣುಕಿ ಹೋಗ್ತಿದ್ದ. ಆಮೇಲೆ ಒಳಗೆ ಹೋಗಿ ಕೂತ. ಹುಡುಗರು ನೆಟ್ಟಗೆ ಕೂತಿಲ್ಲ ಅಂತ ಬೈದ. ಹಿಂಗೇ ಬಿಟ್ಟರೆ ಪಾಠಾನೂ ಇವನೇ ಮಾಡ್ತಾನೆ ಅಂತ ಹೆದರಿ ಊರಿನವರು ಶಾಲಾ ಸಮಿತಿಗೆ ಅಧ್ಯಕ್ಷ ಮಾಡಿದರು, ಅಧ್ಯಕ್ಷನಾದೋನು ಮನೇಲಿ ಕೂರ್ತಾನೆ ಅಂತ ಅವರ ಲೆಕ್ಕ. ಕೆಟ್ಟಿದ್ದೇ ಅಲ್ಲಿ. ಅವತ್ತಿಂದ ಮನೆ ಸಾಮಾನೆಲ್ಲ ಸ್ಕೂಲು ಸೇರೋಕೆ ಶುರುವಾಯ್ತು. ಹಂಡೆ ಹೋಯ್ತು. ಎಮ್ಮೆ ಕೊರಳ ಗಂಟೆ ಹೋಗಿ ಸ್ಕೂಲ್ ಜಗಲಿಯ ತೊಲೆಗೆ ನೇತುಬಿತ್ತು. ಅದನ್ನ ಬಾರಿಸಿದಾಗಲೆಲ್ಲ ಹುಡುಗರಿಗಿಂತ ಮುಂಚೆ ಎಮ್ಮೆ ಸ್ಕೂಲಿಗೆ ಓಡೋದು. ಈಗ ಬಾಗಿಲು.

ಗಂಗಲಕ್ಷ್ಮಮ್ಮ: ಸರಿ, ಬಾಗ್ಲು ಅಲ್ಲೇ ಇರ್ಲಿ. ಯಶೋದೇನ ಸ್ಕೂಲಿಗೆ ಸೇರ್ಸಿ.

ಚಿಕ್ಕಮುನಿಯಪ್ಪ: ಅವಳು ಸ್ಕೂಲಿಗೆ ಹೋದ್ರೆ ಎಮ್ಮೆ ಮೇಯ್ಸೋರು ಯಾರು?

ಗಂಗಲಕ್ಷ್ಮಮ್ಮ: ಹೆಣ್ಮಕ್ಕಳನ್ನ ಕಳ್ಸಿ, ಹೆಣ್ಮಕ್ಕಳನ್ನ ಕಳ್ಸಿ ಅಂತ ಮೂಡಲಪಾಳ್ಯದವರೆಗೂ ಹೋಗಿ ಹೇಳ್ಬಂದ್ರಲ್ಲ.

ಚಿಕ್ಕಮುನಿಯಪ್ಪ: ಅದು ಊರಿಗೆ ಹೇಳಿದ್ದು. ಅಧ್ಯಕ್ಷ ಆದೋನು ಊರಿಗೆ ಹೇಳ್ತಾನೆ, ಮನೆಗೆ ಹೇಳ್ತಾನಾ?

ಯಶೋದೆ ಅವರಿಗೆ ಒಬ್ಬಳೇ ಮಗಳು, ಎಂಟು ವರ್ಷ. ದಿನಾ ಎಮ್ಮೆ ಹಗ್ಗ ಹಿಡಿದು ಸ್ಕೂಲ್ ಕಿಟಕಿ ಹತ್ತಿರ ನಿಂತು, ಒಳಗೆ ಮಗ್ಗಿ ಹೇಳಿದರೆ ಹೊರಗೆ ಇವಳೂ ಬಾಯಾಡಿಸೋಳು. ನನಗೇ ನೋಡೋಕಾಗ್ತಿರಲಿಲ್ಲ, ಇನ್ನು ಹೆತ್ತವಳಿಗೆ ಹೇಗಿರಬೇಡ. ಗಂಗಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತೋಳು. ಮಗಳಿಗೂ ಅದೇ ಗತಿ ಆಗಬಾರದು ಅಂತ ಅವಳ ಆಸೆ. ಬಾಗಿಲಿನ ಜಗಳದ ಒಳಗೆ ಕೂತಿದ್ದದ್ದು ಈ ಜಗಳ.

ಅಷ್ಟರಲ್ಲಿ ಸ್ಕೂಲ್ ಮೇಷ್ಟ್ರು ಪಂಚಾಕ್ಷರಿ ಬಂದರು. ತುಂಬ ಸಾಧು ಮನುಷ್ಯ. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಕೊಡೆ ಬಿಚ್ಚೋದು ಮಡಿಸೋದು ಮಾಡುತ್ತಾ ಬಾಗಿಲಲ್ಲೇ ನಿಂತರು. ಸೋಮವಾರ ಸ್ಕೂಲ್ ಇನ್‌ಸ್ಪೆಕ್ಟರು ಬರ್ತಾರಂತೆ. ಹಾರ ತುರಾಯಿ ವಿಷಯ ಮಾತಾಡೋಕೆ ಬಂದಿದ್ದಾರೆ ಅಂತ ಚಿಕ್ಕಮುನಿಯಪ್ಪ ಆಗಲೇ ಕತ್ತು ನೀವಿಕೊಂಡ.

ಪಂಚಾಕ್ಷರಿ: ಅಧ್ಯಕ್ಷರೇ, ಹಲಗೇಲಿ ಜಾಗ ಸಾಲ್ತಾ ಇಲ್ಲ.

ಚಿಕ್ಕಮುನಿಯಪ್ಪ: ಪಾಠ ಜಾಸ್ತಿ ಆಯ್ತು ಅನ್ನಿ. ಅದಕ್ಯಾಕೆ ಸಂಕೋಚ, ಇನ್ನೊಂದು ಕೊಡೋಣ.

ಹೇಳಿದವನೇ ಬೀದಿಬಾಗಿಲ ಕಡೆ ತಿರುಗಿ, ಅದರ ಅಗಲ ಎಷ್ಟಿದೆ ಅಂತ ಗೇಣು ಹಾಕೋಕೆ ಹೋದ. ಗಂಗಲಕ್ಷ್ಮಮ್ಮ ಹೋಗಿ ಹೊಸ್ತಿಲ ಮೇಲೆ ಅಡ್ಡ ಕೂತಳು.

ಪಂಚಾಕ್ಷರಿ: ಇನ್ನೊಂದು ಬೇಡಿ, ದಮ್ಮಯ್ಯ. ಇರೋದರ ಮೇಲೆ ಅಕ್ಷರ ಸ್ವಲ್ಪ ಸಣ್ಣದಾಗಿದ್ದಿದ್ರೆ...

ಚಿಕ್ಕಮುನಿಯಪ್ಪ: ಸಣ್ಣದಾಗಿ ಬರೀರಿ. ಬೇಡ ಅಂದೋರ್ಯಾರು?

ಪಂಚಾಕ್ಷರಿ: ನನ್ನ ಅಕ್ಷರ ಅಲ್ಲ.

ವಿಷಯ ಇಷ್ಟೇ. ಚಿಕ್ಕಮುನಿಯಪ್ಪ ಬಾಗಿಲಿಗೆ ಕಪ್ಪು ಬಳಿಸಿ, ದೇವಸ್ಥಾನದ ಹುಂಡಿ ಮೇಲೆ ಬರೆಸೋ ಹಾಗೆ ತನ್ನ ಹೆಸರು ಬರೆಸಿದ್ದ. ಬರೆಯೋಕೆ ಹಿಡಿದು ತಂದದ್ದು, ರಾಜಾಜಿನಗರ ಕಟ್ಟೋಕೆ ಜಲ್ಲಿ ಸಾಗಿಸೋ ಲಾರಿಗಳ ಪೇಂಟರನ್ನ. ಅವನ ಕೈಗೆ ಲಾರಿ ಅಳತೆಯ ಅಕ್ಷರ ಬಿಟ್ಟು ಬೇರೆ ಬರೋಲ್ಲ. ‘ಶ್ರೀಮಾನ್ ಚಿಕ್ಕಮುನಿಯಪ್ಪನವರು, ಶಾಲಾ ಸಮಿತಿ ಅಧ್ಯಕ್ಷರು, ಇವರ ಸೇವಾರ್ಥ’ ಅಂತ ಹಳದಿ ಪೇಂಟಿನಲ್ಲಿ ಬರೆದು, ಎರಡು ಕಡೆ ಒಂದೊಂದು ಕಮಲದ ಹೂವೂ ಬಿಡಿಸಿ ಹೋಗಿದ್ದ.

ಪಂಚಾಕ್ಷರಿ: ಸೇವಾರ್ಥದ ಕೆಳಗೆ ಒಂದು ಗೇಣು ಉಳಿದಿದೆ. ಅಲ್ಲಿ ಕೂಡೋ ಲೆಕ್ಕ ಹಾಕಿದ್ರೆ ಉತ್ತರ ಗೋಡೆ ಮೇಲೆ ಬರೀಬೇಕು. ಇನ್‌ಸ್ಪೆಕ್ಟರು ಬಂದು ಓದ್ರಪ್ಪಾ ಅಂದ್ರೆ ಮಕ್ಕಳೆಲ್ಲ ನಿಮ್ಮ ಹೆಸರೇ ಓದ್ತಾರೆ.

ಚಿಕ್ಕಮುನಿಯಪ್ಪ: ಓದ್ಲಿ. ಒಳ್ಳೇದೇ ಅಲ್ವಾ.

ಪಂಚಾಕ್ಷರಿ: ಬೇರೇದು ಬರಲ್ಲ ಅಧ್ಯಕ್ಷರೇ.

ನನಗೆ ನಗು ತಡೆಯೋಕಾಗದೆ ಕೆಮ್ಮಿದೆ. ಮೇಷ್ಟ್ರು ಬಗೆಬಗೆಯಾಗಿ ಬೇಡಿಕೊಂಡರು. ಹೆಸರು ಹಲಗೆಯ ಹಿಂಭಾಗಕ್ಕೆ ಹೋಗಲಿ ಅಂದರು, ಕಮಲವಾದರೂ ಅಳಿಸೋಣ ಅಂದರು. ಇವನು ಜಪ್ಪಯ್ಯ ಅನ್ನಲಿಲ್ಲ. ದಾನ ಕೊಟ್ಟವರ ಹೆಸರು ಅಳಿಸಿದ ಕೈಗೆ ಹುಳ ಬೀಳುತ್ತೆ ಅಂತ ಶಾಪಾನೂ ಹಾಕಿದ. ಗಂಗಲಕ್ಷ್ಮಮ್ಮ ಹೊಸ್ತಿಲಿಂದ ನಿಧಾನವಾಗಿ ಎದ್ದಳು.

ಗಂಗಲಕ್ಷ್ಮಮ್ಮ: ಕೊಟ್ಟೋರ ಹೆಸರೇ ಇರ್ಬೇಕು. ಅಲ್ವಾ?

ಚಿಕ್ಕಮುನಿಯಪ್ಪ: ಇರ್ಲೇಬೇಕು. ಈಗ ಬಂತು ನೋಡಿ ನನ್ನ ಹೆಂಡ್ತಿಗೆ ಬುದ್ಧಿ.

ಗಂಗಲಕ್ಷ್ಮಮ್ಮ: ಮೇಷ್ಟ್ರೇ, ಆ ಬಾಗ್ಲು ನಮ್ಮಣ್ಣ ಹಲಸಿನ ಮರ ಕುಯ್ಸಿ ಮಾಡ್ಸಿದ್ದು. ಬಾಣಂತನ ಮುಗಿಸ್ಕೊಂಡು ಯಶೋದೇನ ಎತ್ಕೊಂಡು ಬರೋವಾಗ ನನ್ನ ಜೊತೆ ಗಾಡೀಲಿ ಬಂತು. ಗಾಡಿಯಿಂದ ಇಳಿಸೋಕೂ ಇವರು ಕೈ ಹಾಕ್ಲಿಲ್ಲ, ಇಳ್ಸಿದ್ದು ನಾರಾಯಣಪ್ಪ. ಹೌದೇನಪ್ಪಾ?

ಹೌದಕ್ಕ ಅಂದೆ. ಚಿಕ್ಕಮುನಿಯಪ್ಪ ನನ್ನನ್ನ ದುರುಗುಟ್ಟಿಕೊಂಡು ನೋಡಿದ. ನೋಡಲಿ, ಮಗನ ಮುಂಜಿಗೆ ಕರೆಯಲ್ಲ ಅನ್ನೋಕೆ ಅವನಿಗೆ ಮಗನೂ ಇಲ್ಲ, ಮುಂಜೀನೂ ಇಲ್ಲ.

ಗಂಗಲಕ್ಷ್ಮಮ್ಮ: ಹಂಗಾದ್ರೆ ಕೊಟ್ಟೋಳು ನಾನು. ಅಲ್ಲಿರ್ಬೇಕಾದ್ದು ನನ್ನ ಹೆಸರು.

ಗಂಡನ ಮುಖ ಬೂದಿ ಬಳಿದಂಗಾಯ್ತು. ಸ್ಕೂಲಿನ ಹಲಗೆ ಮೇಲೆ ಹೆಂಗಸಿನ ಹೆಸರು ಹಾಕಿದರೆ ಊರು ನಗುತ್ತೆ ಅಂದ. ಗೋಣಿತಟ್ಟು ಹಾರಿದಾಗ ಊರು ನಗಲಿಲ್ವಾ ಅಂತ ಇವಳು ಕೇಳಿದಳು. ಮೇಷ್ಟ್ರಿಗೆ ಬೇರೆ ದಿಗಿಲು, ಗಂಗಲಕ್ಷ್ಮಮ್ಮ ಅನ್ನೋದೇನು ಚಿಕ್ಕ ಹೆಸರಾ.

ಪಂಚಾಕ್ಷರಿ: ಪೇಂಟರ್ ಬೇಡ ತಾಯಿ. ಸೀಮೆಸುಣ್ಣದಲ್ಲಿ ನಾನೇ ಒಂದು ಮೂಲೇಲಿ ಬರೀಲಾ?

ಗಂಗಲಕ್ಷ್ಮಮ್ಮ: ನೀವು ಬರೆದ್ರೆ ಅದು ನನ್ನ ಹೆಸರೋ ಇನ್ಯಾರ ಹೆಸರೋ ನನಗೆಲ್ಲಿ ತಿಳಿಯುತ್ತೆ? ನನ್ನ ಮಗಳು ಬರೀಲಿ. ಬರೆದು ನನಗೆ ಓದಿ ಹೇಳ್ಲಿ. ಅವಳು ಅಷ್ಟು ಕಲಿಯೋವರೆಗೂ ಹಲಗೆ ಖಾಲಿ ಇರ್ಲಿ, ನೀವು ನಿಮ್ಮ ಲೆಕ್ಕ ಹಾಕ್ಕೊಳ್ಳಿ.

ಕೊಟ್ಟಿಗೆ ಕಂಬದ ಹಿಂದೆ ನಿಂತಿದ್ದ ಯಶೋದೆ ಎಮ್ಮೆ ಹಗ್ಗ ಕೆಳಗೆ ಬಿಟ್ಟಳು. ಮೇಷ್ಟ್ರು ಅಂತೂ ಬದುಕಿದೆ ಅಂತ, ಸೋಮವಾರದಿಂದಲೇ ಕಳ್ಸಿ ಅಂದರು.

ಚಿಕ್ಕಮುನಿಯಪ್ಪ: ಸೋಮವಾರ ಎಮ್ಮೆ?

ಗಂಗಲಕ್ಷ್ಮಮ್ಮ: ನೀವು ದಿನಾ ಆ ಕಡೆ ಹೋಗೇ ಹೋಗ್ತೀರಲ್ಲ, ಹೊಡ್ಕೊಂಡು ಹೋಗಿ. ಆಗಲ್ಲ ಅಂದ್ರೆ ಹೇಳಿ, ಈಗಲೇ ಹೋಗಿ ಬಾಗ್ಲು ಎತ್ಕೊಂಡು ಬರ್ತೀನಿ. ಇನ್‌ಸ್ಪೆಕ್ಟರ್ ಮುಂದೆ ಮೇಷ್ಟ್ರು ಗೋಣಿತಟ್ಟಿನ ಮೇಲೆ ಪಾಠ ಮಾಡ್ಲಿ.

ಅವತ್ತು ಸಾಯಂಕಾಲ ಅವಳೇ ಕುಡುಗೋಲು ತಗೊಂಡು ಹೋಗಿ ಹಳದಿ ಪೇಂಟು ಕೆರೆದು ಬಂದಳು. ಕೈಗೆ ಹುಳ ಬೀಳಲಿಲ್ಲ.

ಸೋಮವಾರ ಮತ್ತೆ ನಿದ್ದೆ ಬಿಟ್ಟು ಹೋಗಿ ಸ್ಕೂಲ್ ಬೇಲಿ ಹತ್ತಿರ ನಿಂತೆ. ಇನ್‌ಸ್ಪೆಕ್ಟರು ಬಂದರು. ಯಶೋದೆ ಎಣ್ಣೆ ಸುರಿಯೋ ಹಾಗೆ ತಲೆ ಬಾಚಿಕೊಂಡು ಮುಂದಿನ ಸಾಲಲ್ಲಿ ಕೂತಿದ್ದಳು. ಚಿಕ್ಕಮುನಿಯಪ್ಪ ಕೋಟು, ಜರಿಪೇಟ ಎಲ್ಲ ಹಾಕ್ಕೊಂಡು, ಎಮ್ಮೆಯನ್ನ ಯಾರ ಕಣ್ಣಿಗೂ ಬೀಳದ ಹಾಗೆ ಕೆರೆ ಏರಿಯ ಹಿಂದೆ ಬಿಟ್ಟು ಬರೋಣ ಅಂತ ಹೊರಟಿದ್ದ. ಅಷ್ಟರಲ್ಲಿ ಸ್ಕೂಲ್ ಗಂಟೆ ಬಾರಿಸಿದರು. ತನ್ನ ಕೊರಳ ಗಂಟೆ ಸದ್ದು ಕೇಳಿ ಎಮ್ಮೆ ತಿರುಗಿತು, ಹಗ್ಗ ಕೈಗೆ ಸುತ್ತಿಕೊಂಡಿದ್ದ ಅಧ್ಯಕ್ಷನನ್ನೂ ಎಳಕೊಂಡು ಸೀದಾ ಸ್ಕೂಲ್ ಜಗಲಿಗೆ ಬಂದು ನಿಂತಿತು.

ಇನ್‌ಸ್ಪೆಕ್ಟರು: ಅದ್ಯಾರ್ರೀ ಮೇಷ್ಟ್ರೇ, ಎಮ್ಮೆ ಹಿಡ್ಕೊಂಡಿರೋರು?

ಪಂಚಾಕ್ಷರಿ: ನಮ್ಮ ಶಾಲಾ ಸಮಿತಿ ಅಧ್ಯಕ್ಷರು ಸಾರ್.

ಇನ್‌ಸ್ಪೆಕ್ಟರು: ಅಧ್ಯಕ್ಷರು ಯಾಕ್ರೀ ಎಮ್ಮೆ ಕಾಯ್ತಿದ್ದಾರೆ?

ಮೇಷ್ಟ್ರು ಕೊಡೆ ಹುಡುಕೋಕೆ ಶುರು ಮಾಡಿದರು. ಮುಂದಿನ ಸಾಲಿಂದ ಯಶೋದೆ ಎದ್ದು ಕೈ ಕಟ್ಟಿಕೊಂಡು ನಿಂತಳು.

ಯಶೋದೆ: ನಾನು ಸ್ಕೂಲಿಗೆ ಬಂದ್ನಲ್ಲ ಸಾರ್, ಅದಕ್ಕೆ.