ಹನ್ನೊಂದನೆಯ ಚಿತ್ರ

ವಾದ ಮುಗಿಯುವ ಮೊದಲೇ ಎದ್ದು ಹೋಗುವುದು ಸಭ್ಯರ ಲಕ್ಷಣವಲ್ಲ. ನನ್ನ ಗೆಳೆಯ ಹಾಗೇ ಹೋಗಿಬಿಟ್ಟ. ಎರಡು ತಿಂಗಳಾಯಿತು. ಇಪ್ಪತ್ತೆರಡು ವರ್ಷದ ವಾದ ನನ್ನೊಬ್ಬನ ಪಾಲಿಗೆ ಉಳಿದಿದೆ. ಎದುರಿಗೆ ಯಾರೂ ಇಲ್ಲದೆ ಜಗಳವಾಡುವ ಕಲೆ ನನಗೆ ಬರದು. (ನನ್ನ ಹೆಂಡತಿಗೆ ಬರುತ್ತದೆ.)

ಅವನು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ, ಬೀದಿಗೆಲ್ಲ ರಟ್ಟಣ್ಣ. ನಾನು ಪಕ್ಕದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು. ಅಮೆರಿಕದ ಒಬ್ಬ ಮಹಾನ್ ನಿರ್ದೇಶಕನ ಹನ್ನೊಂದು ಚಿತ್ರಗಳಲ್ಲಿ ಯಾವುದು ಮೊದಲು, ಯಾವುದು ಕೊನೆ ಎಂದು ತೀರ್ಮಾನಿಸುವುದು ನಮ್ಮ ಭಾನುವಾರದ ಘನಕಾರ್ಯ. (ಆತ ನಮ್ಮ ತೀರ್ಪಿಗೆ ಕಾದು ಕೂತಿದ್ದನೆಂಬುದಕ್ಕೆ ಪುರಾವೆ ಇಲ್ಲ.) ಹತ್ತು ಚಿತ್ರಗಳ ವಿಷಯದಲ್ಲಿ ಹೇಗೋ ರಾಜಿಯಾಯಿತು. ಜಗಳವೆಲ್ಲ ಒಂದರದು: ಮುದಿ ಲಿಫ್ಟ್ ಆಪರೇಟರ್‌ನ ಕತೆ. ಅವನಿಗೆ ಅದು ಮೊದಲನೆಯದು, ನನಗೆ ಹನ್ನೊಂದನೆಯದು.

"ಎರಡನೇ ಅರ್ಧದಲ್ಲಿ ಹಿಡಿತ ತಪ್ಪಿದೆ ಕಣೋ," ಎನ್ನುತ್ತಿದ್ದೆ.

"ಎಲ್ಲಿ ತಪ್ಪಿದೆ, ತೋರಿಸೋ!"

"ಅದು ತೋರಿಸೋ ವಿಷಯ ಅಲ್ಲ, ಅನುಭವಿಸೋದು."

ಸತ್ಯ ಇಷ್ಟು: ಎರಡನೇ ಅರ್ಧವನ್ನು ನಾನು ನೋಡಿಯೇ ಇರಲಿಲ್ಲ. ಹೊಟ್ಟೆ ಬಿರಿಯ ಉಂಡು ಎರಡೂ ಸಂಸಾರಗಳು ಮಧ್ಯಾಹ್ನದ ಆಟಕ್ಕೆ ಹೋಗಿದ್ದೆವು. ಮಧ್ಯಂತರ ಮುಗಿದದ್ದೇ ನಾನು ಯೋಗನಿದ್ರೆಗೆ ಸಂದೆ. ಗೆಳೆಯ ಸಾಲಿನ ಆ ತುದಿಯಲ್ಲಿದ್ದ, ನಾನು ಈ ತುದಿಯಲ್ಲಿ, ಅವನಿಗೆ ಗೊತ್ತಾಗಲಿಲ್ಲ. ಹೊರಗೆ ಬಂದು, ಕಣ್ಣೊರೆಸಿಕೊಳ್ಳುತ್ತ, "ಹೇಗಿತ್ತೋ?" ಎಂದ. ನಿದ್ದೆ ಹೊಡೆದೆ ಎನ್ನಲು ನಾಚಿಕೆಯಾಯಿತು. ಹಿಡಿತ ತಪ್ಪಿದೆ ಎಂದೆ. (ಯಾವ ಚಿತ್ರಕ್ಕಾದರೂ ಹೊಂದುವ ಮಾತು ಅದು.) ಮುಂದಿನ ವಾರ ನಿಜ ಹೇಳೋಣವೆಂದುಕೊಂಡೆ. ವಾರಗಳು ವರ್ಷಗಳಾದವು. ಆಸ್ಪತ್ರೆಗೂ ಅದನ್ನು ಹೇಳಲೆಂದೇ ಹೋಗಿದ್ದೆ. ಕಿತ್ತಳೆ ಸುಲಿದುಕೊಟ್ಟು ಬಂದೆ.

ಕಳೆದ ಭಾನುವಾರ ಅವನ ಹೆಂಡತಿ ಫೋನ್ ಮಾಡಿದರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. "ಆ ಲಿಫ್ಟ್ ಚಿತ್ರ ಹಾಕ್ತೀನಿ, ಇಬ್ರೂ ಬನ್ನಿ. ಒಬ್ಬಳೇ ನೋಡೋಕಾಗಲ್ಲ."

ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಮುದುಕ ನಲವತ್ತು ವರ್ಷದಲ್ಲಿ ಮೊದಲ ಸಲ ಲಿಫ್ಟು ಬಿಟ್ಟು, ತಾನು ದಿನವೂ ಜನರನ್ನು ಇಳಿಸುತ್ತಿದ್ದ ಒಂದೊಂದು ಮಹಡಿಯನ್ನೂ ಮೆಟ್ಟಿಲು ಹತ್ತಿ ಹೋಗಿ ನೋಡುತ್ತಾನೆ. ಅಷ್ಟೇ ಕತೆ. ಒಂಬತ್ತನೇ ಮಹಡಿಯ ಹೊತ್ತಿಗೆ ಅತ್ತಿಗೆಯ ಸೋಫಾದ ದಿಂಬು ನನ್ನ ಕಣ್ಣೀರಿಗೆ ನೆನೆದುಹೋಗಿತ್ತು.

"ಅತ್ತಿಗೆ, ಇದೇ ಮೊದಲನೇದು. ಅವನು ಹೇಳಿದ್ದೇ ಸರಿ."

"ಅಯ್ಯೋ, ಈಗ ಹೀಗಂತೀರಾ?" ಅತ್ತಿಗೆ ನನ್ನನ್ನೇ ನೋಡಿದರು. "ನಿಮ್ಮ ಮಾತಿಗೇಂತ ಇದನ್ನ ಎಂಟು ಸಲ ನೋಡಿದ್ರು. ತಪ್ಪೇ ಸಿಗಲಿಲ್ಲ. ಕೊನೆಗೆ ಆಸ್ಪತ್ರೆಗೆ ತಾವು ಬರೆದಿಟ್ಟಿದ್ದ ಹನ್ನೊಂದು ಚಿತ್ರದ ಪಟ್ಟಿ ತರಿಸ್ಕೊಂಡು, ಇದನ್ನ ಹೊಡೆದುಹಾಕಿ ಹನ್ನೊಂದಕ್ಕೆ ಇಳಿಸಿದ್ರು. 'ಅವನು ಒಂದಕ್ಷರ ಬಿಡದೆ ನೋಡೋ ಮನುಷ್ಯ ಕಣೆ, ನನಗೆ ಕಾಣದ್ದು ಅವನಿಗೆ ಕಂಡಿರಬೇಕು' ಅಂದ್ರು."

ಹೇಳಿಬಿಟ್ಟೆ. ಇಪ್ಪತ್ತೆರಡು ವರ್ಷ ಬಾಯಿಗೆ ಬಾರದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಅತ್ತಿಗೆ ಒಳಗೆ ಹೋಗಿ ಪಟ್ಟಿ ತಂದು ಮುಂದಿಟ್ಟರು. ಅವನ ಅಕ್ಷರ ನಡುಗಿತ್ತು. ತಿದ್ದಲು ಪೆನ್ನು ಕೇಳಿದೆ, ಕೊಡಲಿಲ್ಲ.

"ಅವರು ಬರೆದದ್ದು. ಹಾಗೇ ಇರಲಿ ಬಿಡಿ."

ಮನೆಗೆ ಬರುವ ದಾರಿಯಲ್ಲಿ ಹೆಂಡತಿಯ ಮೇಲೆ ಹರಿಹಾಯ್ದೆ. "ಅವತ್ತು ಪಕ್ಕದಲ್ಲೇ ಕೂತಿದ್ದೆಯಲ್ಲ! ಒಂದು ಸಲ ತಿವಿದು ಎಬ್ಬಿಸೋಕೆ ಏನಾಗಿತ್ತು ನಿನಗೆ?"

"ತಿವಿದೆ ಕಣ್ರೀ. ಮೂರು ಸಲ."

"ನಾನೇನಂದೆ?"

"'ನೋಡ್ತಾ ಇದೀನಿ' ಅಂದ್ರಿ."